ಅಲಂಕಾರಿಕ ಸೋರೆ ಬೆಳೆಯುವ ಮುನ್ನ: ಹೂವು ಬಿಳಿಯದಾ, ಹಳದಿಯದಾ?

ಸೋರೆಬುರುಡೆಗೆ ಸಣ್ಣ ಸಣ್ಣ ತೂತು ಕೊರೆದು ಮಾಡಿದ ದೀಪ, ಮರಕ್ಕೆ ನೇತುಹಾಕಿದ ಹಕ್ಕಿಗೂಡು, ಬಣ್ಣ ಬಳಿದ ಹೂದಾನಿ. ಇಂಥ ಚಿತ್ರಗಳು ಈಗ ಮೊಬೈಲಿನಲ್ಲಿ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತವೆ. ನೋಡಿದವರಿಗೆ ನಾವೂ ಒಂದು ಬಳ್ಳಿ ಹಾಕೋಣ ಅನ್ನಿಸುವುದು ಸಹಜ, ಅಲ್ವಾ? 'ಅಲಂಕಾರಿಕ ಸೋರೆ, ಮಿಶ್ರ ತಳಿ' ಎಂದು ಬರೆದ ಬೀಜದ ಪೊಟ್ಟಣ ತರಿಸುತ್ತಾರೆ, ಬಿತ್ತುತ್ತಾರೆ, ಬಳ್ಳಿಯೂ ಹುಲುಸಾಗಿ ಹಬ್ಬುತ್ತದೆ. ಫಜೀತಿ ಶುರುವಾಗುವುದು ಆಮೇಲೆ. ಒಬ್ಬರ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ. ಇನ್ನೊಬ್ಬರು ಕಿತ್ತು ಒಣಗಲು ಇಟ್ಟ ಕಾಯಿ ಸುಕ್ಕುಗಟ್ಟಿ ಕೊಳೆಯಿತು. ಮತ್ತೊಬ್ಬರು ಚೆನ್ನಾಗಿಯೇ ಒಣಗುತ್ತಿದ್ದ ಬುರುಡೆಯ ಮೇಲೆ ಬೂಷ್ಟು ಕಂಡು ತಿಪ್ಪೆಗೆ ಎಸೆದರು.

ಮೂರರ ಹಿಂದೆಯೂ ಇರುವುದು ಒಂದೇ ಅಭ್ಯಾಸ. ತರಕಾರಿ ಬೆಳೆದಂತೆಯೇ ಇದನ್ನೂ ಬೆಳೆಯಲು ಹೊರಡುತ್ತೇವೆ. ತರಕಾರಿಯಲ್ಲಿ ನಮಗೆ ಬೇಕಾದದ್ದು ಎಳೆಯ ತಿರುಳು. ಇಲ್ಲಿ ಬೇಕಾದದ್ದು ಬಲಿತ ಸಿಪ್ಪೆ. ತಿರುಳಿನ ನೀರೆಲ್ಲ ಆರಿ, ಚಿಪ್ಪು ಮಾತ್ರ ಉಳಿದರೆ ಕೆಲಸ ಗೆದ್ದಂತೆ. ಹಾಗಾಗಿ ಬಿತ್ತುವ ಕಾಲದಿಂದ ಹಿಡಿದು ಕೀಳುವ ಹೊತ್ತಿನವರೆಗೆ ಎಲ್ಲ ಲೆಕ್ಕಾಚಾರವೂ ಬೇರೆ.

ಹೆಸರು ಒಂದು, ಗಿಡ ಮೂರು

ಅಲಂಕಾರಿಕ ಸೋರೆ ಅನ್ನುವ ಹೆಸರಿನಲ್ಲಿ ಸಿಗುವುದು ಒಂದೇ ಗಿಡವಲ್ಲ. ಸೌತೆ, ಕುಂಬಳ, ಕಲ್ಲಂಗಡಿ ಸೇರಿದ ದೊಡ್ಡ ಕುಟುಂಬವೊಂದಿದೆ. ಅದೇ ಕುಟುಂಬದ ಮೂರು ಬೇರೆ ಬೇರೆ ಗಿಡಗಳು ಈ ಹೆಸರಿನಲ್ಲಿ ಓಡಾಡುತ್ತವೆ.

ಮೊದಲನೆಯದು ನಿಜವಾದ ಸೋರೆ. ಸಸ್ಯಶಾಸ್ತ್ರದಲ್ಲಿ ಇದು ಲಾಜಿನೇರಿಯಾ ಸಿಸೆರೇರಿಯಾ. ಎಲೆ ಮುಟ್ಟಿದರೆ ಮಕಮಲ್ಲಿನ ಹಾಗೆ ಮೆತ್ತಗೆ. ಹೂವು ಬಿಳಿ, ಅರಳುವುದು ಸಂಜೆ. ಕಾಯಿ ತಿಳಿಹಸಿರು, ಒಣಗಿದರೆ ಕಂದು. ಉದ್ದ ಹಿಡಿಯ ಸೌಟು, ಹಂಸದ ಕತ್ತು, ಸೊಂಟ ಬಿಗಿದ ಬಾಟಲಿ, ದುಂಡು ಕೊಡ, ಹಾವಿನಂತೆ ನೀಳ, ಹೀಗೆ ಆಕಾರ ಹಲವು. ಇದರ ಚಿಪ್ಪು ನಿಜಕ್ಕೂ ಗಟ್ಟಿ. ಗರಗಸ ಹಾಕಿ ಕೊಯ್ಯಬಹುದು, ಮರಳುಕಾಗದದಿಂದ ಉಜ್ಜಬಹುದು, ವರ್ಷಗಟ್ಟಲೆ ಬಾಳುತ್ತದೆ. ತಂಬೂರಿ ಮತ್ತು ಸಿತಾರಿನ ಬುರುಡೆ, ಪಶ್ಚಿಮ ಆಫ್ರಿಕಾದ ಕೋರಾ ವಾದ್ಯದ ಬುರುಡೆ, ಎಲ್ಲ ಈ ಜಾತಿಯವೇ.

ಎರಡನೆಯದು ಕುಂಬಳದ ಹತ್ತಿರದ ನೆಂಟ. ಹೆಸರು ಕುಕರ್ಬಿಟಾ ಪೆಪೊ. ಎಲೆ ಒರಟು, ಕೈಗೆ ಚುಚ್ಚುತ್ತದೆ. ಹೂವು ಹಳದಿ, ಅರಳುವುದು ಬೆಳಗಿನ ಜಾವ. ಕಾಯಿ ಸಣ್ಣದು, ಬಹುಪಾಲು ಒಂದು ಅಂಗೈಯಲ್ಲಿ ಕೂರುತ್ತದೆ. ಮೇಲ್ಭಾಗ ಹಳದಿ ಕೆಳಭಾಗ ಹಸಿರಾದ ಪೇರಳೆ ಆಕಾರದವು, ಮೊಟ್ಟೆಯಂಥ ಬಿಳಿಯವು, ಪಟ್ಟೆಯವು, ಮೈತುಂಬ ಗಂಟುಗಂಟಾದವು, ಮುಳ್ಳಿನ ಕಿರೀಟ ಇಟ್ಟಂತಿರುವವು. ಬಟ್ಟಲಲ್ಲಿ ರಾಶಿ ಹಾಕಿ ಮೇಜಿನ ಮೇಲಿಡುವುದು ಇವನ್ನೇ. ಬಣ್ಣ ಹೊಡೆಯಬೇಕಿಲ್ಲ, ಹುಟ್ಟುಬಣ್ಣವೇ ಸಾಕು. ಆದರೆ ಆ ಬಣ್ಣ ನಾಲ್ಕೈದು ತಿಂಗಳಿಗಿಂತ ಜಾಸ್ತಿ ನಿಲ್ಲುವುದಿಲ್ಲ. ಚಿಪ್ಪೂ ತೆಳು.

ಮೂರನೆಯದು ತುಪ್ಪದ ಹೀರೆ, ಅಂದರೆ ಲುಫಾ. ಇದರದ್ದೂ ಹಳದಿ ಹೂವು. ಆದರೆ ಇದನ್ನು ಬೆಳೆಯುವುದು ಚಿಪ್ಪಿಗಾಗಿ ಅಲ್ಲ, ಒಳಗಿನ ನಾರಿಗಾಗಿ. ಬಲಿತು ಒಣಗಿದ ಮೇಲೆ ಸಿಪ್ಪೆ ಸುಲಿದು ಬೀಜ ಉದುರಿಸಿದರೆ ಮೈ ಉಜ್ಜುವ ಸ್ಪಂಜು ಸಿಗುತ್ತದೆ. ಅದರ ಕತೆಯೇ ಬೇರೆ. ಇಲ್ಲಿ ಮಿಕ್ಕ ಎರಡರ ಮಾತೇ ಜಾಸ್ತಿ.

ಪೊಟ್ಟಣದಲ್ಲಿ ಮೂರೂ ಬೆರೆತಿದ್ದರೆ ಹೂವು ಬಿಡುವವರೆಗೆ ಕಾಯಬೇಕಿಲ್ಲ. ಬೀಜವನ್ನು ಅಂಗೈ ಮೇಲೆ ಹರವಿಕೊಂಡು ನೋಡಿ. ಕಂದು ಬಣ್ಣ, ಉದ್ದುದ್ದ, ಮೈಮೇಲೆ ಏಣು, ಒಂದು ತುದಿ ಚಪ್ಪಟೆಯಾಗಿ ಕತ್ತರಿಸಿದಂತೆ ಇದ್ದರೆ ಬಿಳಿ ಹೂವಿನ ಸೋರೆ. ಕೆನೆ ಬಣ್ಣ, ಚಪ್ಪಟೆ, ಕುಂಬಳದ ಬೀಜದ್ದೇ ಚಿಕ್ಕ ರೂಪವಾದರೆ ಹಳದಿ ಹೂವಿನ ಸಣ್ಣ ಸೋರೆ. ಕಪ್ಪು ಬೀಜವಾದರೆ ಸಾಮಾನ್ಯವಾಗಿ ಲುಫಾ. ಈ ಒಂದು ವಿಂಗಡಣೆ ಮಾಡಿ ಬೇರೆ ಬೇರೆ ಕಡೆ ಬಿತ್ತಿದರೆ ಮುಂದಿನ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಸಮುದ್ರ ದಾಟಿದ ಕಾಯಿ

ಸೋರೆ ಹುಟ್ಟಿದ್ದು ಆಫ್ರಿಕಾದಲ್ಲಿ. ಆದರೆ ಅಮೆರಿಕ ಖಂಡದಲ್ಲೂ ಸುಮಾರು 10,000 ವರ್ಷ ಹಳೆಯ ಸೋರೆಯ ಕುರುಹುಗಳು ಸಿಕ್ಕಿವೆ. ಹಡಗು ಇಲ್ಲದ ಕಾಲದಲ್ಲಿ ಅಲ್ಲಿಗೆ ಹೋದದ್ದು ಹೇಗೆ ಎಂಬುದು ವಿಜ್ಞಾನಿಗಳಿಗೆ ಬಹಳ ಕಾಲ ಒಗಟಾಗಿತ್ತು. ಏಷ್ಯಾದಿಂದ ವಲಸೆ ಹೋದ ಜನ ಕೈಯಲ್ಲಿ ಹಿಡಿದುಕೊಂಡು ಹೋಗಿರಬೇಕು ಎಂಬ ವಾದವೂ ಇತ್ತು. 2014ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಬೇರೆಯದನ್ನೇ ಹೇಳಿತು. ಅಮೆರಿಕದ ಹಳೆಯ ಸೋರೆಗಳು ಆಫ್ರಿಕಾದ ಸೋರೆಗೇ ಹತ್ತಿರ. ಅಂದರೆ ಕಾಯಿ ತಾನಾಗಿ ಅಟ್ಲಾಂಟಿಕ್ ಸಾಗರದಲ್ಲಿ ತೇಲಿಕೊಂಡು ದಡ ಸೇರಿರಬೇಕು. ಇದು ಬರೀ ಊಹೆಯ ಮಾತಲ್ಲ. ಏಳು ತಿಂಗಳಿಗೂ ಹೆಚ್ಚು ಕಾಲ ಉಪ್ಪುನೀರಿನಲ್ಲಿ ತೇಲಿಬಿಟ್ಟ ಸೋರೆಯ ಬೀಜ ಮೊಳೆತದ್ದು 1950ರ ದಶಕದ ಪ್ರಯೋಗದಲ್ಲೇ ಕಂಡಿತ್ತು.

ಈ ಕತೆಗೂ ನಮ್ಮ ಹಿತ್ತಲಿಗೂ ಸಂಬಂಧ ಇದೆ. ಇಷ್ಟು ದಿನ ನೀರು ಒಳಗೆ ಹೋಗಲು ಬಿಡದ ಚಿಪ್ಪು, ಒಳಗಿನ ನೀರನ್ನು ಹೊರಗೆ ಬಿಡಲೂ ಅಷ್ಟೇ ಸತಾಯಿಸುತ್ತದೆ. ಒಣಗಿಸಲು ತಿಂಗಳುಗಟ್ಟಲೆ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇದೇ.

ಕಾಲವನ್ನು ಹಿಂದಿನಿಂದ ಎಣಿಸಿ

ತರಕಾರಿ ಸೋರೆಯನ್ನು ಎರಡು ತಿಂಗಳಲ್ಲಿ ಕೊಯ್ಯಲು ಶುರು ಮಾಡಬಹುದು. ಚಿಪ್ಪು ಬಲಿಯಲು ಅಷ್ಟು ಸಾಲದು. ಹಳದಿ ಹೂವಿನ ಸಣ್ಣ ಕಾಯಿಗೆ ಬಿತ್ತಿದಂದಿನಿಂದ 90ರಿಂದ 110 ದಿನ ಬೇಕು. ಬಿಳಿ ಹೂವಿನದಕ್ಕೆ 120ರಿಂದ 140 ದಿನ. ಕೊಡದಷ್ಟು ದೊಡ್ಡ ಕಾಯಿಯಾದರೆ 180 ದಿನವೂ ಆಗಬಹುದು. ಲುಫಾದ ನಾರು ಬಲಿಯಲು 150 ದಿನಕ್ಕೂ ಮೇಲೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು 'ಕಾಯಿ ಬಲಿಯುವಾಗ ಹವೆ ಹೇಗಿರುತ್ತದೆ?' ಅನ್ನುವ ಪ್ರಶ್ನೆ. ಬಳ್ಳಿ ಬೆಳೆಯುವಾಗ ನೀರು, ಸೆಕೆ ಎರಡೂ ಬೇಕು. ಬಲಿಯುವಾಗ ಒಣಹವೆ ಬೇಕು. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡರೆ ತೊಟ್ಟಿನ ಹತ್ತಿರವೇ ಕೊಳೆ ಶುರುವಾಗುತ್ತದೆ. ಹಿಮ ಬೀಳುವ ಊರಾದರೆ ಹಿಮ ಪೂರ್ತಿ ನಿಂತ ಮೇಲೆಯೇ ಸಸಿ ಹೊರಗೆ ಬರಬೇಕು. ಎಳೆ ಬಳ್ಳಿಗೆ ಒಂದು ರಾತ್ರಿಯ ಹಿಮ ಸಾಕು, ಕರಟಿಹೋಗುತ್ತದೆ.

ಜಾಗಕ್ಕೆ ದಿನಕ್ಕೆ ಕಡಿಮೆಯೆಂದರೂ ಆರು ಗಂಟೆ ಬಿಸಿಲು ಬೇಕು. ನೀರು ನಿಲ್ಲದ ಮಣ್ಣು, ಅದಕ್ಕೆ ಧಾರಾಳವಾಗಿ ಕಾಂಪೋಸ್ಟ್ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ. ಮಣ್ಣಿನ ಪಿಎಚ್ 6ರಿಂದ 7ರ ನಡುವೆ ಇದ್ದರೆ ಚೆನ್ನ. ಸಾರಜನಕದ ಗೊಬ್ಬರ, ಅಂದರೆ ಯೂರಿಯಾದಂಥದ್ದು, ಬಳ್ಳಿ ಚೆನ್ನಾಗಿ ಹಬ್ಬಲಿ ಎಂದು ಸುರಿಯುವವರು ತುಂಬಾ. ಹಬ್ಬುವುದೇನೋ ಹಬ್ಬುತ್ತದೆ, ಆದರೆ ಬರೀ ಎಲೆ. ಹೂವು ತಡ, ಕಾಯಿ ಇನ್ನೂ ತಡ.

ಜಾಗ ಕಡಿಮೆ ಇರುವವರಿಗೆ, ಕುಂಡದಲ್ಲಿ ಬೆಳೆಯುವವರಿಗೆ ಹಳದಿ ಹೂವಿನ ಸಣ್ಣ ಜಾತಿಯೇ ವಾಸಿ. 40 ಲೀಟರ್ ಹಿಡಿಯುವ ಕುಂಡದಲ್ಲಿ ಒಂದು ಬಳ್ಳಿ ಸಾಕು. ಬಿಳಿ ಹೂವಿನದ್ದು 20 ಅಡಿ ದಾಟಿಯೂ ಹರಿಯುತ್ತದೆ, ಬೇಸಿಗೆಯಲ್ಲಿ ಕುಡಿಯುವ ನೀರೂ ಅಷ್ಟೇ ಜಾಸ್ತಿ. ಅದಕ್ಕೆ ನೆಲವೇ ಸರಿ.

ಗಟ್ಟಿ ಬೀಜವನ್ನು ಎಬ್ಬಿಸುವುದು

ಸೋರೆ ಬೀಜ ಮೊಳೆಯಲು ಎರಡು ವಾರ ತೆಗೆದುಕೊಂಡರೆ ಗಾಬರಿ ಬೇಡ. ಸಿಪ್ಪೆ ದಪ್ಪ, ನೀರು ಒಳಗೆ ಇಳಿಯಲು ಹೊತ್ತು ಬೇಕು. ಬೀಜದ ಅಂಚನ್ನು ಉಗುರು ಉಜ್ಜುವ ಅರದಿಂದಲೋ ಮರಳುಕಾಗದದಿಂದಲೋ ಸ್ವಲ್ಪ ತೇಯ್ದು, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಹಾಕಿದರೆ ಕೆಲಸ ಚುರುಕಾಗುತ್ತದೆ. ಮೊನಚಾದ ತುದಿಯನ್ನು ಮಾತ್ರ ಮುಟ್ಟಬೇಡಿ, ಬೇರು ಹೊರಡುವುದು ಅಲ್ಲಿಂದಲೇ. ಹಳದಿ ಹೂವಿನದರ ಸಿಪ್ಪೆ ತೆಳು, ತೇಯುವ ಗೋಜು ಬೇಕಿಲ್ಲ.

ಮಣ್ಣು ಬೆಚ್ಚಗಿರಬೇಕು. 21 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಬೀಜ ಸುಮ್ನೆ ಕೂತು ಕೊಳೆಯುತ್ತದೆ. ಒಂದು ಇಂಚು ಆಳ ಸಾಕು. ಕುಂಡದಲ್ಲಿ ಸಸಿ ಎಬ್ಬಿಸಿ ನೆಡುವುದಾದರೆ ಕಾಗದದ ಲೋಟದಲ್ಲಿ ಬಿತ್ತಿ, ಲೋಟದ ತಳ ಹರಿದು ಹಾಗೆಯೇ ನೆಲಕ್ಕಿಡಿ. ಈ ಕುಟುಂಬದ ಗಿಡಗಳಿಗೆ ಬೇರು ಅಲುಗಿಸಿದರೆ ಆಗಿಬರುವುದಿಲ್ಲ. ದೊಡ್ಡ ಜಾತಿಗೆ ಬಳ್ಳಿಯಿಂದ ಬಳ್ಳಿಗೆ ಐದಾರು ಅಡಿ ಬಿಡಿ, ಸಣ್ಣದಕ್ಕೆ ಮೂರು ಅಡಿ ನಡೆಯುತ್ತದೆ.

ಚಪ್ಪರ ಯಾಕೆ ಬೇಕು?

ನೆಲದ ಮೇಲೆ ಬಿಟ್ಟರೂ ಕಾಯಿ ಬಿಡುತ್ತದೆ. ಆದರೆ ಆಕಾರ ನೆಲ ಹೇಳಿದಂತೆ ಆಗುತ್ತದೆ. ಉದ್ದ ಹಿಡಿಯ ಸೌಟುಸೋರೆ ಚಪ್ಪರದಿಂದ ಜೋತಾಡಿದರೆ ಅದರ ಭಾರಕ್ಕೇ ಹಿಡಿ ನೇರವಾಗಿ ಇಳಿಯುತ್ತದೆ. ಅದೇ ಬೀಜ, ಅದೇ ಬಳ್ಳಿ, ನೆಲದ ಮೇಲೆ ಮಲಗಿದರೆ ಹಿಡಿ ಕೊಕ್ಕೆಯಾಗಿ ಸುತ್ತಿಕೊಳ್ಳುತ್ತದೆ. ಕೆಲವರಿಗೆ ಆ ಕೊಕ್ಕೆಯೇ ಇಷ್ಟ. ಹಂಸದ ಕತ್ತಿನ ಜಾತಿಯನ್ನಂತೂ ಬೇಕೆಂದೇ ನೆಲಕ್ಕೆ ಬಿಡುವವರಿದ್ದಾರೆ.

ಚಪ್ಪರದ ಇನ್ನೊಂದು ಲಾಭ ಗಾಳಿ. ಕಾಯಿಯ ಸುತ್ತ ಗಾಳಿ ಆಡಿದರೆ ಕೊಳೆ ಕಡಿಮೆ, ನೆಲ ತಾಗುವ ಕಡೆ ಬೀಳುವ ಬಿಳಿ ಮಚ್ಚೆಯೂ ಇಲ್ಲ. ಚಪ್ಪರ ಮಾತ್ರ ಗಟ್ಟಿಯಾಗಿರಲಿ. ಹಸಿ ಕಾಯಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ದೊಡ್ಡ ಕಾಯಿಗಳು ಒಂದೊಂದೂ ಹಲವು ಕಿಲೋ ತೂಗುತ್ತವೆ. ಐದಾರು ಜೋತುಬಿದ್ದ ಮೇಲೆ ಗಾಳಿಮಳೆ ಬಂದರೆ ಸಣ್ಣ ಕಡ್ಡಿಗಳ ಹಂದರ ನೆಲ ಕಚ್ಚುವುದು ಖಂಡಿತ. ಹೂದಾನಿ ಮಾಡಬೇಕು, ತಳ ಸಮ ಇರಬೇಕು ಅನ್ನುವವರು ದುಂಡು ಜಾತಿಯ ಎಳೆ ಕಾಯಿಯನ್ನು ನೆಲದಲ್ಲೇ ಬಿಟ್ಟು, ಅಡಿಗೆ ಒಂದು ಹಲಗೆ ಕೊಟ್ಟು, ಮೆಲ್ಲಗೆ ನೆಟ್ಟಗೆ ಕೂರಿಸಬೇಕು.

ಬಳ್ಳಿ ತುಂಬ ಹೂವು, ಕಾಯಿ ಯಾಕಿಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಉತ್ತರಕ್ಕೆ ಒಂದು ಹೂವಿನ ಹಿಂಭಾಗ ನೋಡಬೇಕು.

ಈ ಗಿಡಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಗಂಡು ಹೂವು ತೆಳುವಾದ ಉದ್ದ ಕಡ್ಡಿಯ ತುದಿಯಲ್ಲಿ ನಿಂತಿರುತ್ತದೆ, ಎಸಳಿನ ಕೆಳಗೆ ಏನೂ ಇಲ್ಲ. ಹೆಣ್ಣು ಹೂವಿನ ಎಸಳಿನ ಕೆಳಗೆ ಪುಟ್ಟ ಹೀಚು ಇರುತ್ತದೆ. ಸೋರೆಯದಾದರೆ ಆ ಹೀಚಿನ ಮೈತುಂಬ ನವಿರಾದ ಬಿಳಿ ರೋಮ. ಇನ್ನೂ ಹೂವೇ ಅರಳಿರುವುದಿಲ್ಲ, ಆಗಲೇ ಅದು ತಾನು ಬಾಟಲಿಯೋ ಸೌಟೋ ಕೊಡವೋ ಅನ್ನುವುದನ್ನು ಹೆಬ್ಬೆರಳಿನಷ್ಟು ಉದ್ದದಲ್ಲೇ ತೋರಿಸಿಬಿಟ್ಟಿರುತ್ತದೆ.

ಮೊದಲ ಒಂದೆರಡು ವಾರ ಬರುವುದು ಬರೀ ಗಂಡು ಹೂವು. ಅದು ರೋಗವಲ್ಲ, ಗಿಡದ ಕ್ರಮವೇ ಹಾಗೆ. ಹಗಲು ಉದ್ದ ಇದ್ದಾಗ, ಬಿಸಿಲು ವಿಪರೀತ ಇದ್ದಾಗ, ಸಾರಜನಕ ಜಾಸ್ತಿ ಆದಾಗ ಈ ಅವಧಿ ಇನ್ನೂ ಲಂಬಿಸುತ್ತದೆ.

ಬಿಳಿ ಹೂವಿನ ಸೋರೆಯಲ್ಲಿ ಇನ್ನೊಂದು ಗುಟ್ಟಿದೆ. ಮುಖ್ಯ ಬಳ್ಳಿಯಲ್ಲಿ ಹೆಚ್ಚಾಗಿ ಗಂಡು ಹೂವೇ. ಹೆಣ್ಣು ಹೂವು ಬಿಡುವುದು ಪಕ್ಕಕ್ಕೆ ಕವಲೊಡೆದ ಬಳ್ಳಿಗಳಲ್ಲಿ. ಮುಖ್ಯ ಬಳ್ಳಿಯ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗುತ್ತಿರುತ್ತದೆ, ಅದು ಪಕ್ಕದ ಮೊಗ್ಗುಗಳನ್ನು ಅದುಮಿ ಇಡುತ್ತದೆ. ಬಳ್ಳಿ ಸುಮಾರು 10 ಅಡಿ ಆದಾಗ ತುದಿಯ ಕುಡಿಯನ್ನು ಚಿವುಟಿದರೆ ಆ ಹಿಡಿತ ಸಡಿಲವಾಗಿ ಕವಲು ಒಡೆಯುತ್ತದೆ. ನೀಳವಾಗಿ ಹೋಗುತ್ತಿರುವ ಬಳ್ಳಿಯ ತುದಿ ಚಿವುಟಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಚಿವುಟಿ. ಹಳದಿ ಹೂವಿನ ಜಾತಿಗೆ ಇದರ ಅಗತ್ಯ ಇಲ್ಲ.

ಹೆಣ್ಣು ಹೂವೂ ಬಂತು, ಆದರೆ ಹೀಚು ನಾಲ್ಕು ದಿನಕ್ಕೆ ಹಳದಿಯಾಗಿ ಮುದುಡಿ ಉದುರುತ್ತಿದೆ ಅಂದರೆ ಪರಾಗ ಸಿಕ್ಕಿಲ್ಲ ಎಂದು ಅರ್ಥ. ಹಳದಿ ಹೂವು ಬೆಳಗಿನ ಜಾವ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಜೇನುನೊಣ ಬರಬೇಕು. ಬಿಳಿ ಹೂವು ಸಂಜೆ ಅರಳಿ ರಾತ್ರಿಯೆಲ್ಲ ತೆರೆದಿರುತ್ತದೆ. ಕತ್ತಲಲ್ಲಿ ಎದ್ದು ಕಾಣುವ ಆ ಬಿಳುಪು ಪತಂಗಗಳನ್ನು ಕರೆಯಲಿಕ್ಕೆ. ಮನೆಯ ಸುತ್ತ ಪತಂಗ ಕಡಿಮೆ ಇದ್ದರೆ ಹೂವು ಸುಮ್ನೆ ಬಾಡುತ್ತದೆ.

ಆಗ ಆ ಕೆಲಸ ನಾವೇ ಮಾಡಬೇಕು, ಕಷ್ಟವೇನಿಲ್ಲ. ಆಗಷ್ಟೇ ಅರಳಿದ ಗಂಡು ಹೂವು ಕಿತ್ತು, ಎಸಳು ಸುಲಿದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಇರುವ ಅಂಟಂಟಾದ ಭಾಗಕ್ಕೆ ಮೆಲ್ಲಗೆ ಸವರಿ. ಹಳದಿ ಹೂವಿಗೆ ಬೆಳಗ್ಗೆ ಎದ್ದ ಕೂಡಲೇ, ಬಿಳಿ ಹೂವಿಗೆ ದೀಪ ಹಚ್ಚುವ ಹೊತ್ತಿನಲ್ಲಿ. ಬೆಳಗ್ಗೆ ಹತ್ತಕ್ಕೆ ಹೋಗಿ ಸೋರೆ ಹೂವಿಗೆ ಪರಾಗ ಹಚ್ಚಲು ನೋಡಿದರೆ ಏನೂ ಸಿಗದು. ಕಾಯಿ ಕಚ್ಚಿದರೆ ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ: ಹೂವು ಬಾಡಿದರೂ ಹೀಚು ಹಸಿರಾಗಿ ಉಬ್ಬಿರುತ್ತದೆ.

ದೊಡ್ಡ ಜಾತಿಯಾದರೆ ಬಳ್ಳಿಗೆ ನಾಲ್ಕೈದು ಕಾಯಿಗಿಂತ ಜಾಸ್ತಿ ಬಿಡಬೇಡಿ. ಚಿಪ್ಪು ದಪ್ಪಗಾಗಬೇಕಾದರೆ ಬಳ್ಳಿಯ ಶಕ್ತಿ ಹಂಚಿಹೋಗಬಾರದು.

ಬಳ್ಳಿಯ ಮೇಲಿರುವಾಗಲೇ ಆಕಾರ

ಎಳೆ ಕಾಯಿ ಹೇಳಿದ ಮಾತು ಕೇಳುತ್ತದೆ. ಚೌಕದ ಡಬ್ಬಿಯೊಳಗೆ ಬೆಳೆಯಲು ಬಿಟ್ಟರೆ ಚೌಕವಾಗುತ್ತದೆ, ನಡುವೆ ಮೆತ್ತನೆಯ ಬಟ್ಟೆಪಟ್ಟಿ ಕಟ್ಟಿದರೆ ಸೊಂಟ ಬರುತ್ತದೆ. ಚೀನಾದಲ್ಲಿ ಕೆತ್ತನೆಯಿದ್ದ ಅಚ್ಚಿನೊಳಗೆ ಎಳೆ ಸೋರೆಯನ್ನು ಬೆಳೆಸಿ, ಚಿಪ್ಪಿನ ಮೇಲೆ ಚಿತ್ತಾರ ಮೂಡಿಸುವ ಕಲೆ ಹಳೆಯದು. ಹಾಡುವ ಮಿಡತೆಗಳನ್ನು ಸಾಕುವ ಪುಟ್ಟ ಗೂಡುಗಳನ್ನು ಹೀಗೆ ಮಾಡುತ್ತಿದ್ದರು. ಅಷ್ಟೆಲ್ಲ ಬೇಡ ಅನ್ನುವವರು ಕಾಯಿ ಇನ್ನೂ ಹಸಿರಾಗಿ ಎಳೆಯದಾಗಿರುವಾಗ ಮೊಂಡ ಕಡ್ಡಿಯಿಂದ ಹೆಸರೋ ಹೂವೋ ಮೆಲ್ಲಗೆ ಗೀಚಬಹುದು. ಗೀರು ಸಿಪ್ಪೆಯನ್ನು ಮಾತ್ರ ತಾಗಬೇಕು. ಗಾಯ ಮಾಯುವಾಗ ಗೆರೆ ಉಬ್ಬಿ ನಿಲ್ಲುತ್ತದೆ, ಒಣಗಿದ ಮೇಲೂ ಉಳಿಯುತ್ತದೆ. ಆಳಕ್ಕೆ ಹೋದರೆ ಕೊಳೆಯುತ್ತದೆ.

ಕಾಟ ಕೊಡುವವು

ಕುಂಬಳದ ಕುಟುಂಬಕ್ಕೆ ಬರುವ ರೋಗ, ಹುಳುಗಳೇ ಇದಕ್ಕೂ. ಎಳೆ ಸಸಿಯ ಎಲೆ ತೂತು ಮಾಡುವ ದುಂಬಿಗಳನ್ನು ಬೆಳಗ್ಗೆ ಜಡವಾಗಿರುವಾಗ ಹಿಡಿದು ಸೋಪುನೀರಿಗೆ ಹಾಕಬಹುದು. ಎಲೆ ಮೇಲೆ ಹಿಟ್ಟು ಚೆಲ್ಲಿದಂತೆ ಬರುವ ಬೂದಿರೋಗಕ್ಕೆ ಗಾಳಿಯಾಡುವ ಚಪ್ಪರವೇ ಮೊದಲ ಮದ್ದು. ಬಳ್ಳಿ ಬಲಿತ ಮೇಲೆ ಬಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲೆ ಚುಕ್ಕೆಚುಕ್ಕೆಯಾಗಿ ಮುರುಟಿದರೆ ಅದು ಸಸ್ಯಹೇನು ಹರಡುವ ಮೊಸಾಯಿಕ್ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಬಳ್ಳಿ ಕಿತ್ತು ಹಾಕುವುದೇ ಸರಿ.

ಚಿಪ್ಪಿಗಾಗಿ ಬೆಳೆಯುವವರಿಗೆ ನಿಜವಾದ ಶತ್ರು ಹಣ್ಣಿನ ನೊಣ. ಅದು ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಕಾಯಿ ಸೊಟ್ಟಗಾಗುತ್ತದೆ, ಚುಚ್ಚಿದ ಜಾಗದಿಂದ ಅಂಟು ಸೋರುತ್ತದೆ, ಒಳಗೆ ಹುಳು. ಕಾಯಿ ಕಚ್ಚಿದ್ದು ಖಾತ್ರಿಯಾದ ಕೂಡಲೇ ಕಾಗದದ ಅಥವಾ ತೆಳು ಬಟ್ಟೆಯ ಚೀಲ ಕಟ್ಟಿ, ಸಿಪ್ಪೆ ಗಟ್ಟಿಯಾಗುವವರೆಗೆ ಬಿಡಿ. ಹುಳು ಹಿಡಿದ ಕಾಯನ್ನು ಗಿಡದ ಬುಡದಲ್ಲಿ ಬಿಡಬೇಡಿ, ಮರಿಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ.

ಕೀಳುವುದು ಯಾವಾಗ?

ತೊಟ್ಟು ನೋಡಿ. ಹಸಿರು ಇರುವವರೆಗೆ ಕಾಯಿಗೆ ಊಟ ಹೋಗುತ್ತಿದೆ, ಚಿಪ್ಪು ಇನ್ನೂ ದಪ್ಪವಾಗುತ್ತಿದೆ. ತೊಟ್ಟು ಕಂದಾಗಿ ಒಣಗಿದ ಮೇಲೆಯೇ ಕತ್ತರಿ ಎತ್ತಬೇಕು. ಕಿತ್ತ ಮೇಲೆ ಕಾಯಿ ಬಲಿಯುವುದಿಲ್ಲ, ಒಣಗುತ್ತದೆ ಅಷ್ಟೇ. ಎಳೆಯದನ್ನು ಕಿತ್ತರೆ ಸುಕ್ಕುಗಟ್ಟುವುದು ಇದಕ್ಕೇ: ನೀರು ಹೋದ ಮೇಲೆ ಆಕಾರ ಹಿಡಿದು ನಿಲ್ಲಿಸುವಷ್ಟು ಗಟ್ಟಿ ಚಿಪ್ಪು ಅಲ್ಲಿರುವುದಿಲ್ಲ.

ಉಗುರಿನಿಂದ ಒತ್ತಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಒತ್ತಬೇಡಿ. ಬಲಿಯದ ಕಾಯಾದರೆ ಆ ಉಗುರಿನ ಗುರುತು ಕೊನೆಯವರೆಗೂ ಉಳಿಯುತ್ತದೆ, ಕೊಳೆಗೂ ಬಾಗಿಲು ತೆರೆದಂತೆ. ತೊಟ್ಟಿನ ಬಣ್ಣವೇ ಸಾಕಷ್ಟು ಹೇಳುತ್ತದೆ.

ಕೀಳುವಾಗ ಒಂದೆರಡು ಇಂಚು ತೊಟ್ಟು ಕಾಯಿಗೇ ಬಿಡಿ, ಆದರೆ ಅದನ್ನೇ ಹಿಡಿದು ಎತ್ತಬೇಡಿ. ತೊಟ್ಟು ಮುರಿದ ಜಾಗದಿಂದ ಕೊಳೆ ಬೇಗ ಒಳಗೆ ಇಳಿಯುತ್ತದೆ. ಹಳದಿ ಹೂವಿನ ಸಣ್ಣ ಕಾಯಿಗಳನ್ನು ಹಿಮ ಬೀಳುವ ಮುಂಚೆಯೇ ಕೀಳಬೇಕು, ತೆಳು ಚಿಪ್ಪು ತಡೆಯುವುದಿಲ್ಲ. ಪೂರ್ತಿ ಬಲಿತ ಬಿಳಿ ಹೂವಿನ ಸೋರೆಗೆ ಹಿಮದಿಂದ ಏನೂ ಆಗುವುದಿಲ್ಲ. ಬಳ್ಳಿ ಸತ್ತು ಒಣಗಿದರೂ ಕಾಯಿ ಚಪ್ಪರದಲ್ಲೇ ನೇತಾಡಿಕೊಂಡು ಒಣಗಬಹುದು.

ಬೂಷ್ಟು ಬಂತು, ಎಸೆಯಬೇಕಾ?

ಬೇಡ.

ಕಿತ್ತ ಕಾಯಿಯನ್ನು ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ. ಅಡಿಗೆ ಜಾಲರಿ ಇದ್ದರೆ ಒಳ್ಳೆಯದು, ಇಲ್ಲವಾದರೆ ದಿನಪತ್ರಿಕೆ ಹಾಸಿ ಆಗಾಗ ಬದಲಿಸಿ. ನಾಲ್ಕು ದಿನಕ್ಕೊಮ್ಮೆ ಮಗ್ಗುಲು ಬದಲಿಸಿ. ಮೊದಲ ಒಂದು ವಾರದಲ್ಲಿ ಹೊರ ಸಿಪ್ಪೆ ಒಣಗುತ್ತದೆ. ಒಳಗಿನ ನೀರು ಹೋಗಲು ಹಳದಿ ಹೂವಿನದಕ್ಕೆ ಮೂರು ನಾಲ್ಕು ವಾರ, ಬಿಳಿ ಹೂವಿನ ದೊಡ್ಡದಕ್ಕೆ ಆರು ತಿಂಗಳವರೆಗೂ ಹಿಡಿಯುತ್ತದೆ.

ಈ ನಡುವೆ ಬೂಷ್ಟು ಬರುವುದು ಮಾಮೂಲು. ಚಿಪ್ಪಿನ ಮೂಲಕ ನೀರು ಇಷ್ಟಿಷ್ಟೇ ಹೊರಬರುತ್ತಿದೆ, ಮೇಲಿನ ತೆಳು ಪೊರೆ ಬೂಷ್ಟಿಗೆ ಆಹಾರವಾಗುತ್ತಿದೆ, ಅಷ್ಟೇ. ಬಿಳಿ, ಬೂದು, ಕಪ್ಪು, ಯಾವ ಬಣ್ಣದ್ದೇ ಬರಲಿ, ಚಿಪ್ಪು ಗಟ್ಟಿಯಾಗಿರುವವರೆಗೆ ಚಿಂತೆ ಇಲ್ಲ. ಒಣಗಿದ ಮೇಲೆ ಉಜ್ಜಿದರೆ ಅದೇ ಬೂಷ್ಟು ಚಿಪ್ಪಿನ ಮೇಲೆ ಮೋಡಮೋಡವಾದ ಕಂದು ಚಿತ್ತಾರ ಬಿಟ್ಟಿರುತ್ತದೆ. ಕುಶಲಕರ್ಮಿಗಳು ಆ ಚಿತ್ತಾರವನ್ನೇ ಹುಡುಕಿಕೊಂಡು ಹೋಗುತ್ತಾರೆ. ಸಣ್ಣ ಬಣ್ಣದ ಕಾಯಿಗಳ ಮಾತು ಬೇರೆ. ಅವುಗಳ ಅಂದವೆಲ್ಲ ಆ ಹೊರಬಣ್ಣದಲ್ಲೇ ಇರುವುದರಿಂದ ಬೂಷ್ಟು ಕಂಡ ಕೂಡಲೇ ಒರೆಸಿ.

ಎಸೆಯಬೇಕಾದದ್ದು ಮೆತ್ತಗಾದ ಕಾಯಿಯನ್ನು. ಬೆರಳಿಟ್ಟರೆ ಒಳಗೆ ಹೋಗುತ್ತದೆ, ನೀರು ಜಿನುಗುತ್ತದೆ, ನಾತ ಬರುತ್ತದೆ ಅಂದರೆ ಅದು ಉಳಿಯುವುದಿಲ್ಲ. ಪಕ್ಕದವಕ್ಕೆ ತಾಗುವ ಮುಂಚೆ ತೆಗೆದುಬಿಡಿ.

ಬೇಗ ಒಣಗಲಿ ಎಂದು ತೂತು ಕೊರೆಯುವುದು, ಕಡುಬಿಸಿಲಿಗೆ ಇಡುವುದು, ಓವನ್ನಿಗೆ ಹಾಕುವುದು, ಹಸಿಯಿರುವಾಗಲೇ ವಾರ್ನಿಶ್ ಬಳಿಯುವುದು, ಇವೆಲ್ಲ ಕೆಲಸ ಕೆಡಿಸುವ ದಾರಿಗಳು. ತೂತಿನಿಂದ ಕೊಳೆ ಒಳಗೆ ಹೋಗುತ್ತದೆ. ಬಿಸಿಗೆ ಚಿಪ್ಪು ಸೀಳುತ್ತದೆ. ವಾರ್ನಿಶ್ ನೀರನ್ನು ಒಳಗೇ ಕೂಡಿಹಾಕುತ್ತದೆ.

ಪೂರ್ತಿ ಒಣಗಿದೆಯಾ ಅನ್ನುವುದನ್ನು ತಿಳಿಯಲು ಎತ್ತಿ ಅಲ್ಲಾಡಿಸಿ. ಹಲವು ಕಿಲೋ ಇದ್ದದ್ದು ಹಗುರಾಗಿ, ಒಳಗೆ ಬೀಜ ಗಲಗಲ ಅಂದರೆ ಒಣಗಿದೆ. ಕೆಲವೊಮ್ಮೆ ಬೀಜ ಒಂದೇ ಉಂಡೆಯಾಗಿ ಅಂಟಿಕೊಂಡು ಸದ್ದೇ ಬರುವುದಿಲ್ಲ, ಆಗ ತೂಕವನ್ನೇ ನಂಬಬೇಕು.

ಉಜ್ಜುವಾಗ, ಕೊಯ್ಯುವಾಗ

ಉಗುರುಬೆಚ್ಚಗಿನ ನೀರಿನಲ್ಲಿ ನೆನೆದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಹೊರಪೊರೆ ಸಡಿಲವಾಗುತ್ತದೆ. ಪಾತ್ರೆ ತಿಕ್ಕುವ ಲೋಹದ ನಾರಿನಿಂದ ಉಜ್ಜಿದರೆ ನುಣುಪಾದ ಚಿಪ್ಪು ಹೊರಬರುತ್ತದೆ. ಕೊಯ್ಯಲು ಸಣ್ಣ ಹಲ್ಲಿನ ಗರಗಸ ಸಾಕು.

ಮೂಗು ಬಾಯಿಗೆ ಮಾಸ್ಕ್ ಹಾಕದೆ ಮಾತ್ರ ಕೂರಬೇಡಿ. ಒಳಗಿನ ಒಣ ತಿರುಳು, ಬೂಷ್ಟಿನ ಪುಡಿ, ಚಿಪ್ಪಿನ ಧೂಳು ಮೂರೂ ಸೇರಿ ಗಂಟಲು, ಶ್ವಾಸಕೋಶ ಎರಡಕ್ಕೂ ತೊಂದರೆ ಕೊಡುತ್ತವೆ. ಈ ಕೆಲಸ ದಿನವೂ ಮಾಡುವವರಿಗೆ ಬರುವ ಕೆಮ್ಮು, ಉಬ್ಬಸಕ್ಕೆ ಕಾರಣ ಈ ಧೂಳೇ. ಮನೆಯೊಳಗೆ ಬೇಡ, ಹೊರಗೆ ಕೂತು ಮಾಡಿ. ಒಳಗನ್ನು ಕೆರೆಯುವ ಮುಂಚೆ ಸ್ವಲ್ಪ ಒದ್ದೆ ಮಾಡಿಕೊಂಡರೆ ಧೂಳು ಏಳುವುದಿಲ್ಲ.

ಬೀಜ ಎತ್ತಿಡುವ ಮುನ್ನ ಕಹಿಯ ವಿಷಯ

ಪಕ್ಕದಲ್ಲೇ ತರಕಾರಿ ಸೋರೆ ಇದೆ, ಇದರ ಪರಾಗ ಅದಕ್ಕೆ ಬಿದ್ದರೆ ತಿನ್ನುವ ಕಾಯಿ ಕಹಿಯಾಗುತ್ತದಾ? ಈ ಭಯ ಬಹಳ ಜನಕ್ಕಿದೆ. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಕಾಯಿಯ ತಿರುಳು, ಸಿಪ್ಪೆ ಎಲ್ಲ ತಾಯಿ ಬಳ್ಳಿಯದೇ ಮೈ. ಬೆರಕೆಯಾಗುವುದು ಒಳಗಿನ ಬೀಜ ಮಾತ್ರ. ಬಸುರಿಯ ಹೊಟ್ಟೆಯಲ್ಲಿರುವ ಮಗು ಅಪ್ಪನನ್ನು ಹೋತರೂ, ಅದರಿಂದ ಅಮ್ಮನ ಮುಖ ಬದಲಾಗುವುದಿಲ್ಲವಲ್ಲ, ಹಾಗೆ. ಆದರೆ ಆ ಬೀಜವನ್ನು ಮುಂದಿನ ವರ್ಷ ಬಿತ್ತಿ, ಬಂದ ಕಾಯಿಯನ್ನು ಅಡುಗೆಗೆ ಬಳಸಿದರೆ ಅಪಾಯ ಇದೆ.

ಕಾರಣ ಕುಕರ್ಬಿಟಾಸಿನ್ ಎಂಬ ಕಹಿ ವಸ್ತು. ಕಾಡುಜಾತಿಗಳು ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಇದನ್ನು ತಯಾರಿಸುತ್ತವೆ. ತರಕಾರಿ ತಳಿಗಳಲ್ಲಿ ಸಾವಿರಾರು ವರ್ಷಗಳ ಆಯ್ಕೆಯಿಂದ ಇದು ಬಹುಪಾಲು ಇಲ್ಲವಾಗಿದೆ. ಅಲಂಕಾರಿಕ ಜಾತಿಗಳಲ್ಲಿ ಯಾರೂ ರುಚಿ ನೋಡಿ ಆರಿಸಲಿಲ್ಲ, ಹಾಗಾಗಿ ಅನೇಕವುಗಳಲ್ಲಿ ಉಳಿದುಕೊಂಡಿದೆ. ಬೆರಕೆ ಬೀಜದಲ್ಲಿ ಅದು ವಾಪಸ್ ಬರಬಹುದು. ವಾಂತಿ, ಭೇದಿ, ತೀವ್ರ ಹೊಟ್ಟೆನೋವು ಬರುತ್ತದೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. 2015ರಲ್ಲಿ ಜರ್ಮನಿಯಲ್ಲಿ ಹಿತ್ತಲಲ್ಲಿ ಬೆಳೆದ ಕಹಿ ಜುಕಿನಿ ತಿಂದು ವೃದ್ಧರೊಬ್ಬರು ತೀರಿಕೊಂಡರು. ಜುಕಿನಿಯೂ ಕುಕರ್ಬಿಟಾ ಪೆಪೊ ಜಾತಿಯೇ, ಅಂದರೆ ಹಳದಿ ಹೂವಿನ ಸಣ್ಣ ಸೋರೆಯ ಸ್ವಂತ ಜಾತಿ. ಹಾಗಾಗಿ ಅಲಂಕಾರಿಕ ಕಾಯಿಯನ್ನು ಎಳೆಯದೆಂದು ಪಲ್ಯಕ್ಕೆ ಹಾಕಬೇಡಿ. ಯಾವುದೇ ಸೋರೆ, ಕುಂಬಳ, ಸೌತೆ ಕಹಿ ಅನ್ನಿಸಿದರೆ ತುತ್ತು ಉಗಿದುಬಿಡಿ.

ಯಾವುದು ಯಾವುದಕ್ಕೆ ಬೆರೆಯುತ್ತದೆ ಅನ್ನುವುದಕ್ಕೂ ಹೂವಿನ ಬಣ್ಣವೇ ಗುರುತು. ಬಿಳಿ ಹೂವಿನದ್ದು ತಿನ್ನುವ ಸೋರೆಯ ಜೊತೆ ಬೆರೆಯುತ್ತದೆ. ಹಳದಿ ಹೂವಿನ ಕುಕರ್ಬಿಟಾ ಪೆಪೊ ಜುಕಿನಿ ಮತ್ತು ಅದೇ ಜಾತಿಯ ಕುಂಬಳಗಳ ಜೊತೆ ಬೆರೆಯುತ್ತದೆ. ಬಿಳಿ ಹೂವಿನದ್ದೂ ಹಳದಿ ಹೂವಿನದ್ದೂ ತಮ್ಮತಮ್ಮಲ್ಲಿ ಬೆರೆಯುವುದಿಲ್ಲ.

ಮುಂದಿನ ವರ್ಷವೂ ಅದೇ ಆಕಾರದ ಕಾಯಿ ಬೇಕಾದರೆ ಪರಾಗದ ಕೆಲಸವನ್ನು ಜೇನುನೊಣ, ಪತಂಗಗಳಿಗೆ ಬಿಡಬಾರದು. ನಾಳೆ ಅರಳಲಿರುವ ಒಂದು ಗಂಡು ಮೊಗ್ಗು, ಒಂದು ಹೆಣ್ಣು ಮೊಗ್ಗು ಆರಿಸಿ, ತುದಿಗೆ ಮೆಲ್ಲಗೆ ದಾರ ಕಟ್ಟಿ. ಅರಳುವ ಹೊತ್ತಿಗೆ ಬಿಚ್ಚಿ, ಕೈಯಿಂದ ಪರಾಗ ಸವರಿ, ಹೆಣ್ಣು ಹೂವಿನ ಬಾಯಿಯನ್ನು ಮತ್ತೆ ಕಟ್ಟಿ. ಆ ತೊಟ್ಟಿಗೆ ಬಣ್ಣದ ನೂಲು ಸುತ್ತಿ ಗುರುತು ಮಾಡಿಡಿ. ಆ ಕಾಯಿ ಒಣಗಿದ ಮೇಲೆ ಬೀಜ ತೆಗೆದು, ಕಾಗದದ ಕವರಿನಲ್ಲಿ ಹೆಸರು, ವರ್ಷ, ಹೂವಿನ ಬಣ್ಣ ಮೂರನ್ನೂ ಬರೆದು ತಂಪಾದ ಒಣ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಮೊಳೆಯುತ್ತದೆ.